ಬಚ್ಚಲ ನೀರು ಮತ್ತು ಕಾಯಿದೆಯ ಹೊಳೆ

ಭಟ್ಕಳ ತಾಲೂಕಿನ ಬೆಳಕೆಯಂಥ ಗ್ರಾಮಗಳಲ್ಲಿ ಬಚ್ಚಲ ನೀರೆಂಬುದು ಚಿಂತಿಸತಕ್ಕ ವಿಷಯವೆಂದು ಹಿಂದಿನವರಿಗೆ ತೋರಿರಲಾರದು. ಮಿಂದ ನೀರೂ ಮುಸುರೆ ತೊಳೆದ ನೀರೂ ಹಿತ್ತಲಿನ ತೆಂಗು ಬಾಳೆಗಳ ಬುಡಕ್ಕೆ ಹರಿದು, ಅಲ್ಲಿಯೇ ಇಂಗಿ, ಕಾಯಾಗಿಯೂ ಗೊನೆಯಾಗಿಯೂ ಮನೆಗೆ ಮರಳುತ್ತಿದ್ದಿತು. ಶೌಚಗೃಹವು ಮನೆಯ ಮಗ್ಗುಲಿಗೆ ಬಂದು, ಅದರ ಗುಂಡಿಯೂ ಕುಡಿಯುವ ನೀರಿನ ಬಾವಿಯೂ ಒಂದೇ ಹಿತ್ತಲಿನಲ್ಲಿ ನೆರೆಹೊರೆಯಾದಂದಿನಿಂದ ಸಂಗತಿ ಬೇರೆಯಾಯಿತು.

1860ರ ಭಾರತೀಯ ದಂಡ ಸಂಹಿತೆಯು ಸಾರ್ವಜನಿಕ ಚಿಲುಮೆ, ಜಲಾಶಯಗಳ ನೀರನ್ನು ಕೆಡಿಸಿದವನಿಗೆ ಮೂರು ತಿಂಗಳವರೆಗೆ ಸೆರೆಯನ್ನೋ 500 ರೂಪಾಯಿಗಳವರೆಗೆ ದಂಡವನ್ನೋ ವಿಧಿಸಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 279ನೆಯ ಕಲಮು ಅದನ್ನು ಆರು ತಿಂಗಳಿಗೂ 5,000 ರೂಪಾಯಿಗೂ ಏರಿಸಿದೆ. ಆದರೆ ‘ಸಾರ್ವಜನಿಕ’ವೆಂಬ ವಿಶೇಷಣವು ಹಾಗೆಯೇ ಉಳಿದಿರುವುದರಿಂದ, ಹಿತ್ತಲಿಗೊಂದು ಬಾವಿಯುಳ್ಳ ನಮ್ಮ ಕರಾವಳಿಗೆ ಅದರಿಂದ ಒದಗುವ ರಕ್ಷಣೆ ಅಲ್ಪ.

1974ರ ಜಲಮಾಲಿನ್ಯ ಕಾಯಿದೆಯಾದರೋ ಬೇರೆಯೇ ಬಗೆಯದು. ಅದರ ಪರಿಭಾಷೆಯಲ್ಲಿ ‘ಹೊಳೆ’ಯೆಂದರೆ ಕಣ್ಣಿಗೆ ಕಾಣುವ ಶರಾವತಿ, ಅಘನಾಶಿನಿಗಳಷ್ಟೇ ಅಲ್ಲ, ಉಬ್ಬರವಿಳಿತದ ನೀರೂ ಹೊಳೆಯೇ, ಭೂಗರ್ಭದ ನೀರೂ ಹೊಳೆಯೇ. 24ನೆಯ ಕಲಮಿನಂತೆ ಹೊಳೆಗೂ ಬಾವಿಗೂ ಮಲಿನವಸ್ತುವನ್ನು ತಿಳಿದೂ ತಿಳಿದೂ ಬಿಡುವುದು ನಿಷಿದ್ಧ. ಕಾಯಿದೆ ಬರೆದವರಲ್ಲಿ ಯಾರೋ ಒಬ್ಬರು ಬಾವಿಯ ನೀರು ಕುಡಿದು ಬೆಳೆದವರಿದ್ದಿರಬೇಕೆಂದು ನನಗೆ ಅನಿಸುವುದುಂಟು! ಆದರೆ ‘ತಿಳಿದು’ ಎಂಬ ಆ ಒಂದು ಪದದಲ್ಲಿಯೇ ತೊಡಕಿದೆ. ನಮ್ಮ ಚಿರೇಕಲ್ಲಿನ ನೆಲವು ಜೇನುಹುಟ್ಟಿನಂತೆ ರಂಧ್ರಮಯವಾದುದು. ಗುಂಡಿಗಿಳಿದ ನೀರು ಯಾವ ಬಿರುಕಿನಲ್ಲಿ ನುಸುಳಿ ಯಾರ ಬಾವಿಯನ್ನು ಸೇರಿತೆಂಬುದನ್ನು ಗುಂಡಿ ತೋಡಿಸಿದವನೂ ಅರಿಯನು, ಆ ನೀರನ್ನು ಸೇದಿ ಕುಡಿದವನೂ ಅರಿಯನು. ಅರಿಯದವನನ್ನು ದಂಡಿಸುವುದೆಂತು?

ಆದುದರಿಂದ ಹೊಣೆಯು ಗೃಹಸ್ಥನಿಂದ ಪಂಚಾಯತಿಯ ಕಡೆಗೆ ಸರಿಯುತ್ತದೆ. ಚರಂಡಿ, ನೈರ್ಮಲ್ಯಗಳನ್ನು 1993ರ ಪಂಚಾಯತ್ ರಾಜ್ ಅಧಿನಿಯಮವು ಗ್ರಾಮ ಪಂಚಾಯತಿಗೇ ಒಪ್ಪಿಸಿದೆ. ಬೊಕ್ಕಸದಲ್ಲಿ ಹಣವಿಲ್ಲವೆಂಬ ಉತ್ತರವು ಎಲ್ಲ ಕಡೆಯೂ ಸಿದ್ಧವಾಗಿರುವಂಥದು. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯೂ ಅದನ್ನೇ ಹೇಳಿತ್ತು. 1980ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರರು ಆ ನೆಪವನ್ನು ಮನ್ನಿಸಲಿಲ್ಲ. ಅದು ಪಟ್ಟಣದ ತೆರೆದ ಚರಂಡಿಯ ಮಾತು, ಕಂಡವರೆಲ್ಲರೂ ಮೂಗು ಮುಚ್ಚಿಕೊಂಡು ಸಾಕ್ಷಿ ನುಡಿಯಬಹುದಾದ ಮಾತು. ಇಲ್ಲಿಯಾದರೋ ಆಷಾಢದ ಮಳೆಗೆ ಬಾವಿಯ ನೀರು ಬಗ್ಗಿದರೆ ಕೊಡಕ್ಕೆ ಸಿಗುವಷ್ಟು ಮೇಲೇರಿದಾಗ, ಹತ್ತು ಮಾರು ಆಚೆಯ ಗುಂಡಿಯೂ ಅದೇ ಮಟ್ಟದವರೆಗೆ ತುಂಬಿರುತ್ತದೆ. ಬಾವಿಯ ನೀರು ಮಾತ್ರ ಎಂದಿನಂತೆ ತಿಳಿಯಾಗಿಯೇ ತೋರುತ್ತದೆ.