ಮಗು ಕೇಳಿದ್ದನ್ನು ಕೊಡುವ ಊರು

ಮೊದಲು ಜ್ವರ ಬರುತ್ತದೆ. ಮಗುವಿನ ಮೈ ಕಾದ ಹೆಂಚಾಗುತ್ತದೆ, ನಿದ್ದೆಯಲ್ಲಿ ಕನವರಿಕೆ ಶುರುವಾಗುತ್ತದೆ. ಜ್ವರ ಬಿಟ್ಟ ಮೇಲೆ ಒಂದು ಬೆಳಿಗ್ಗೆ ತಾಯಿ ತಲೆ ಬಾಚಲು ಕೂತರೆ ಬಾಚಣಿಗೆ ಹಿಂದಲೆಯಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಂದಷ್ಟು ಕೂದಲು ಒಂದರೊಳಗೊಂದು ಹೆಣೆದುಕೊಂಡು ಬತ್ತಿಯಂತಾಗಿರುತ್ತದೆ. ಎಣ್ಣೆ ಹಾಕಿದರೂ ಬಿಡದು, ತೊಳೆದರೂ ಸಡಿಲವಾಗದು. ಬಿಡಿಸಲೇಬೇಕೆಂದು ಯಾರೂ ಹಟ ಹಿಡಿಯುವುದೂ ಇಲ್ಲ. ಮನೆಯಲ್ಲಿ ಅಜ್ಜಿಯಿದ್ದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಾಳೆ: ಇದು ಗಿಂಬಲ್.

ಇಂಡೊನೇಷ್ಯಾದ ಮಧ್ಯ ಜಾವಾದಲ್ಲಿ, ಸಮುದ್ರಮಟ್ಟದಿಂದ ಸುಮಾರು 2000 ಮೀಟರ್ ಎತ್ತರದ ಡಿಯೆಂಗ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಇಂಥ ಮಕ್ಕಳಿದ್ದಾರೆ. ಹುಟ್ಟುವಾಗ ಎಲ್ಲರಂತೆ ನೇರ ಕೂದಲು. ಶಾಲೆಗೆ ಸೇರುವ ವಯಸ್ಸು ಬರುವುದರೊಳಗೆ ಕೆಲವರ ತಲೆಯಲ್ಲಿ ಜಟೆ ಕಟ್ಟುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಅಕ್ಕನಿಗೆ ಬಂದದ್ದು ತಮ್ಮನಿಗೆ ಬರದೇ ಇರಬಹುದು. ಊರಿನವರು ಇದರಲ್ಲಿ ಮೂರು ಬಗೆ ಹೇಳುತ್ತಾರೆ. ಭತ್ತದ ತೆನೆಯಂತೆ ಸಣ್ಣಸಣ್ಣ ಎಳೆಗಳಾಗಿ ಇಳಿದರೆ ‘ಗಿಂಬಲ್ ಪಾರಿ’. ದಪ್ಪ ದಪ್ಪ ಗೊಂಚಲಾದರೂ ಒಂದಕ್ಕೊಂದು ಅಂಟದಿದ್ದರೆ ‘ಗಿಂಬಲ್ ಜಟಾ’. ಇಡೀ ತಲೆಯದು ಕುರಿಯ ಉಣ್ಣೆಯಂತೆ ಒಂದೇ ಮುದ್ದೆಯಾದರೆ ‘ಗಿಂಬಲ್ ವೆಡುಸ್’. ನಡುವಿನ ಹೆಸರಿಗೆ ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ. ಶಿವನ ತಲೆಯ ಮೇಲಿರುವ ಅದೇ ಜಟೆ ಜಾವಾದ ಮುಸ್ಲಿಂ ರೈತನ ಮನೆಯ ಮಗುವಿನ ತಲೆಯ ಮೇಲೂ ಇದೆ.

ಈ ಜಟೆಗೆ ಕತ್ತರಿ ಹಾಕುವ ಅಧಿಕಾರ ಅಪ್ಪ ಅಮ್ಮನಿಗಿಲ್ಲ. ಮಗು ತಾನಾಗಿ ‘ತೆಗೆಯಿರಿ’ ಎನ್ನಬೇಕು. ಅದರ ಜೊತೆಗೆ ತನಗೆ ಏನು ಬೇಕೆಂದೂ ಹೇಳಬೇಕು. ಅದು ಬಾಯಿಬಿಟ್ಟು ಕೇಳಿದ್ದನ್ನೇ ತಂದುಕೊಡಬೇಕು, ಅದಕ್ಕೆ ಬದಲಾಗಿ ಇನ್ನೊಂದನ್ನು ಕೊಡುವಂತಿಲ್ಲ. ಸೈಕಲ್ ಕೇಳಿದ ಮಕ್ಕಳಿದ್ದಾರೆ, ಮೇಕೆ ಕೇಳಿದವರಿದ್ದಾರೆ. ಮಗು ಮೊಟ್ಟೆ ಕೇಳಿದರೆ ಮೊಟ್ಟೆ, ಚಿನ್ನದ ಓಲೆ ಕೇಳಿದರೆ ಓಲೆ. ಮಾತು ತಪ್ಪಿ ಕತ್ತರಿಸಿದರೆ ಜ್ವರ ಮರಳುತ್ತದೆ, ಜಟೆ ಮತ್ತೆ ಕಟ್ಟುತ್ತದೆ ಎಂಬ ನಂಬಿಕೆ ಗಟ್ಟಿ. ಆದ್ದರಿಂದ ಬಡವರ ಮನೆಯಲ್ಲಿ ಮಗುವಿನ ಆಸೆ ದೊಡ್ಡದಾಗಿದ್ದರೆ ವರ್ಷಗಟ್ಟಲೆ ಕಾಯುತ್ತಾರೆ. ದುಡ್ಡು ಕೂಡಿಸುವಷ್ಟು ದಿನ ಮಗು ಜಟೆ ಹೊತ್ತೇ ಶಾಲೆಗೆ ಹೋಗಿಬರುತ್ತದೆ. ಅಲ್ಲಿಯವರೆಗೆ ಗದರುವವರಿಲ್ಲ. ಗಿಂಬಲ್ ಮಕ್ಕಳು ತುಂಟರು, ಹಟಮಾರಿಗಳು ಎಂದು ಊರೇ ಒಪ್ಪಿಕೊಂಡಿದೆ. ಅವರು ಯಾರೋ ನಂಬಿ ಇಲ್ಲಿ ಬಿಟ್ಟುಹೋದ ಮಕ್ಕಳು ಎನ್ನುವ ಭಾವ ಹಿರಿಯರ ಮಾತಿನಲ್ಲಿದೆ.

ಬಿಟ್ಟುಹೋದವರು ಯಾರು? ಉತ್ತರ ಹೇಳುವವರನ್ನು ಅವಲಂಬಿಸಿದೆ. ಹೆಚ್ಚಿನವರು ಹೇಳುವ ಹೆಸರು ಕ್ಯಾಯಿ ಕೊಲೊಡೆಟೆ. ಕೆಳಗಿನ ವೊನೊಸೊಬೊ ಸೀಮೆಗೆ ಮೊದಲು ಬಂದು ನೆಲೆಸಿದ ಮೂವರು ಹಿರಿಯರಲ್ಲಿ ಅವನೊಬ್ಬ, ಡಿಯೆಂಗ್ ಅವನ ಪಾಲಿಗೆ ಬಂತು. ಈ ನೆಲ ಸುಖ ಕಾಣುವವರೆಗೆ ತಲೆಗೂದಲು ತೆಗೆಯುವುದಿಲ್ಲ ಎಂದು ಅವನು ಶಪಥ ಮಾಡಿದನಂತೆ, ಆ ಶಪಥ ಮಕ್ಕಳ ತಲೆಗೆ ಇಳಿದುಬಂದಿದೆಯಂತೆ. ಇನ್ನೊಂದು ಕಥೆ ಬೇರೆ. ಶಿಂತಾ ದೇವಿ ಎಂಬ ರಾಜಕುಮಾರಿಯನ್ನು ವರಿಸಲು ಕಿಡಾಂಗ್ ಗಾರುಂಗನ್ ಎಂಬ ರಾಜಕುಮಾರ ಬಂದ. ಆಳು ದೊಡ್ಡ ಸಿರಿವಂತ, ಆದರೆ ತಲೆ ಮಾತ್ರ ಜಿಂಕೆಯದು. ಬೇಡ ಎನ್ನಲಾರದೆ ಅವಳು ಬಾವಿ ತೋಡಿಕೊಡು ಎಂದಳು. ಅವನು ಆಳಕ್ಕಿಳಿದಾಗ ಮೇಲಿನಿಂದ ಮಣ್ಣು ತುಂಬಿಸಿದಳು. ಹೂತುಹೋಗುವಾಗ ಅವನು ಅವಳ ಸಂತಾನಕ್ಕೆ ಜಟೆಯ ಶಾಪ ಕೊಟ್ಟ. ಅವನ ಸಿಟ್ಟು ಇಂದಿಗೂ ಸಿಕಿಡಾಂಗ್ ಎಂಬಲ್ಲಿ ಗಂಧಕದ ಹೊಗೆಯಾಗಿ, ಕುದಿಯುವ ಬೂದು ಕೆಸರಾಗಿ ಮೇಲೇಳುತ್ತಿದೆ. ಕಿಡಾಂಗ್ ಎಂದರೆ ಜಿಂಕೆ. ಅಲ್ಲಿ ಬುಗ್ಗೆಯ ಬಾಯಿ ಒಂದೇ ಕಡೆ ನಿಲ್ಲದೆ ಜಿಂಕೆಯಂತೆ ಜಾಗ ಬದಲಿಸುತ್ತದೆ.

ಒಂದು ಕಥೆಯಲ್ಲಿ ಜಟೆ ಹಿರಿಯನ ಹರಕೆ, ಇನ್ನೊಂದರಲ್ಲಿ ಮೋಸ ಹೋದವನ ಶಾಪ. ಡಿಯೆಂಗ್‌ನ ಅಜ್ಜಿಯರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲರು.

ಜಟೆ ತೆಗೆಯುವ ವಿಧಿಗೆ ರುವಾತನ್ ಎಂದು ಹೆಸರು. ರುವಾತ್ ಎಂದರೆ ಕಂಟಕದಿಂದ ಬಿಡಿಸುವುದು. ಮಗುವಿಗೆ ಬಿಳಿ ಬಟ್ಟೆ ಉಡಿಸಿ, ತಲೆಯ ಮೇಲೆ ಕೊಡೆ ಹಿಡಿದು, ಗಾಮೆಲಾನ್ ವಾದ್ಯದೊಂದಿಗೆ ಮೆರವಣಿಗೆಯಲ್ಲಿ ಕರೆತರುತ್ತಾರೆ. ಹಲವು ಚಿಲುಮೆಗಳಿಂದ ತಂದ ನೀರಿಗೆ ಹೂ ಹಾಕಿ ತಲೆ ತೊಳೆಯುತ್ತಾರೆ. ಗೋಪುರದಂತೆ ಒಟ್ಟಿದ ಅನ್ನ, ಹಣ್ಣು, ತಿಂಡಿ, ಅವುಗಳ ಪಕ್ಕದಲ್ಲೇ ಮಗು ಕೇಳಿದ ವಸ್ತು. ಸೈಕಲ್ಲಾದರೆ ಸೈಕಲ್ಲು ಅಲ್ಲೇ ನಿಂತಿರುತ್ತದೆ, ಮೇಕೆಯಾದರೆ ಗೂಟಕ್ಕೆ ಕಟ್ಟಿ ಹಾಕಿರುತ್ತಾರೆ. ಹಿರಿಯರು ಜಾವಾ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ, ಅರೇಬಿಕ್ ದುವಾವನ್ನೂ ಸೇರಿಸುತ್ತಾರೆ. ಧೂಪದ ಹೊಗೆಯ ನಡುವೆ ಒಂದೊಂದೇ ಗೊಂಚಲನ್ನು ಬೆರಳಲ್ಲಿ ಎತ್ತಿ ಹಿಡಿದು ಬುಡಕ್ಕೆ ಕತ್ತರಿ ಇಡುತ್ತಾರೆ. ಒತ್ತಾದ ಜಟೆ ಒಂದೇ ಏಟಿಗೆ ತುಂಡಾಗದು, ಎರಡು ಮೂರು ಸಲ ಕತ್ತರಿ ಆಡಿಸಬೇಕು. ಕೆಲವು ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತವೆ. ಕೆಲವಕ್ಕೆ ಇಷ್ಟೆಲ್ಲ ನಡೆಯುವಾಗಲೂ ಕಣ್ಣು ಮೇಕೆಯ ಮೇಲೆಯೇ.

ಕತ್ತರಿಸಿದ ಜಟೆಯನ್ನು ಹೂವಿನ ಜೊತೆ ಮಣ್ಣಿನ ಪಾತ್ರೆಯಲ್ಲಿಟ್ಟು ಹತ್ತಿರದ ಬಾಲೆಕಂಬಾಂಗ್ ಕೆರೆಗೋ ಹರಿಯುವ ತೊರೆಗೋ ಒಯ್ದು ತೇಲಿಬಿಡುತ್ತಾರೆ. ಡಿಯೆಂಗ್ ನೀರು ಸೆರಾಯು ನದಿಗೆ ಸೇರಿ, ಸೆರಾಯು ಹಿಂದೂ ಮಹಾಸಾಗರಕ್ಕೆ ಸೇರುತ್ತದೆ. ಕಡಲ ರಾಣಿ ನ್ಯಾಯಿ ರೊರೊ ಕಿಡುಲ್ ಆಳುವುದು ಅಲ್ಲಿ. ಜಟೆ ಅವಳದೇ ಕೊಡುಗೆ ಎನ್ನುವವರ ಲೆಕ್ಕದಲ್ಲಿ, ಕೊಟ್ಟವರ ವಸ್ತು ಕೊಟ್ಟವರಿಗೆ ಮುಟ್ಟುತ್ತದೆ.

2010ರಿಂದ ಈ ವಿಧಿ ಡಿಯೆಂಗ್ ಸಾಂಸ್ಕೃತಿಕ ಉತ್ಸವದ ಮುಖ್ಯ ಆಕರ್ಷಣೆಯಾಗಿದೆ. ಉತ್ಸವಕ್ಕೆ ಟಿಕೆಟ್, ಆಕಾಶಬುಟ್ಟಿ, ರಾತ್ರಿ ಜಾಜ್ ಸಂಗೀತ ಎಲ್ಲವೂ ಸೇರಿಕೊಂಡವು. ಕ್ಯಾಮೆರಾಗಳ ಬೇಲಿಯ ನಡುವೆ ಆರು ವರ್ಷದ ಮಗು ಕೂತಿರುವುದನ್ನು ಕಂಡರೆ ಮನಸ್ಸಿಗೆ ಕಸಿವಿಸಿಯಾಗುವುದು ನಿಜ. ಆದರೆ ರುವಾತನ್ ಖರ್ಚು ಹೊರಲಾಗದ ಕುಟುಂಬಗಳಿಗೆ ಉತ್ಸವ ಆಸರೆಯಾಗಿದೆ, ಅದೂ ಅಷ್ಟೇ ನಿಜ. ಸದ್ದಿಲ್ಲದೆ ಮನೆಯಂಗಳದಲ್ಲೇ ನೆಂಟರಿಷ್ಟರನ್ನು ಕರೆದು ಮುಗಿಸುವವರು ಇನ್ನೂ ಇದ್ದಾರೆ. ಆ ಸಣ್ಣ ರುವಾತನ್‌ಗಳೇ ಹೆಚ್ಚು ಕಾಲ ಉಳಿಯಲಿ ಅನ್ನಿಸುತ್ತದೆ.

ಉತ್ಸವದಲ್ಲಿ ಕೂದಲು ತೆಗೆಯುವ ಜಾಗ ಅರ್ಜುನನ ಗುಡಿಯ ಮುಂದಿನ ಬಯಲು. ಡಿಯೆಂಗ್ ಎಂಬ ಹೆಸರಿನಲ್ಲೇ ‘ಹ್ಯಾಂಗ್’, ಅಂದರೆ ದೇವತೆಗಳು, ಅಡಗಿದ್ದಾರೆ. ದೇವರಿರುವ ತಾಣ ಎಂದು ಅದರ ಅರ್ಥ. ಜಾವಾದಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಕಲ್ಲಿನ ಗುಡಿಗಳು ಇಲ್ಲಿವೆ. ಇಲ್ಲಿ ಸಿಕ್ಕ ಒಂದು ಶಾಸನದ ಕಾಲ ಶಕವರ್ಷ 731, ಅಂದರೆ ಕ್ರಿ.ಶ. 809. ನಮ್ಮ ಪಂಚಾಂಗದ ಮೊದಲ ಪುಟದಲ್ಲಿರುವ ಶಕೆಯೇ ಅದು. ಈಗ ಉಳಿದಿರುವ ಗುಡಿಗಳು ಎಂಟು: ಅರ್ಜುನ, ಸೆಮಾರ್, ಸ್ರಿಕಂಡಿ, ಪುಂತದೇವ, ಸೆಂಬಾದ್ರ, ಗಟೋತ್ಕಚ, ಬಿಮ, ದ್ವಾರವತಿ. ಕಟ್ಟಿದ್ದು ಶಿವನಿಗೆ, ಮಹಾಭಾರತದ ಹೆಸರುಗಳನ್ನು ಜನ ಎಷ್ಟೋ ಕಾಲದ ಮೇಲೆ ಇಟ್ಟುಕೊಂಡದ್ದು. ಪುಂತದೇವ ಧರ್ಮರಾಯ, ಸೆಂಬಾದ್ರ ಸುಭದ್ರೆ. ಸ್ರಿಕಂಡಿ ನಮ್ಮ ಶಿಖಂಡಿಯೇ, ಆದರೆ ಜಾವಾದಲ್ಲಿ ಅವಳು ಬಿಲ್ಲು ಹಿಡಿದ ವೀರ ಹೆಣ್ಣು, ಅರ್ಜುನನ ಹೆಂಡತಿ. ಕುಮಾರವ್ಯಾಸನನ್ನು ಬಾಯಿಪಾಠ ಮಾಡಿದವರಿಗೂ ಸೆಮಾರ್ ಗೊತ್ತಿರಲಾರ. ಅವನು ಜಾವಾದ ತೊಗಲುಗೊಂಬೆಯಾಟದಲ್ಲಿ ಪಾಂಡವರ ಜೊತೆಗಿರುವ ಡೊಳ್ಳುಹೊಟ್ಟೆಯ ಆಳು. ನಗಿಸುತ್ತಾನೆ, ಬುದ್ಧಿಯನ್ನೂ ಹೇಳುತ್ತಾನೆ, ವೇಷ ಮರೆಸಿಕೊಂಡ ದೇವರು ಅವನು. ಅರ್ಜುನನ ಗುಡಿಗೆ ಎದುರಾಗಿ ಸೆಮಾರ್ ಗುಡಿ ಅಡ್ಡಡ್ಡಲಾಗಿ, ತಗ್ಗಾಗಿ ಕೂತಿದೆ. ಒಡೆಯನ ಬಾಗಿಲು ಕಾಯುವ ಆಳಿನ ಹಾಗೆ.

ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಯುರೋಪಿನವರು ಬಂದಾಗ ಈ ಗುಡಿಗಳು ನೀರಿನಲ್ಲಿ ನಿಂತಿದ್ದವು. ಆಮೇಲೆ ಕಾಲುವೆ ತೋಡಿ ನೀರು ಹೊರಹಾಕಿದರು. ಆದರೆ ಕಟ್ಟಿದವರಿಗೆ ಈ ಜೌಗಿನ ಗುಣ ಮೊದಲೇ ಗೊತ್ತಿತ್ತು. ಬಯಲಿನ ನೀರು ಬಸಿದುಹೋಗಲು ಅವರು ನೆಲದಡಿಯಲ್ಲಿ ಕಾಲುವೆ ಮಾಡಿದ್ದರು, ಅದರ ಬಾವಿಯಂಥ ಬಾಯಿ ಇಂದಿಗೂ ಇದೆ. ಜನ ಅದನ್ನು ‘ಗಾಂಗ್ಸಿರನ್ ಅಸ್ವತಾಮ’ ಎನ್ನುತ್ತಾರೆ, ಅಶ್ವತ್ಥಾಮ ತೋಡಿದ ಸುರಂಗ. ಪಾಂಡವರ ಬೀಡಿಗೆ ರಾತ್ರಿ ನುಗ್ಗಲು ಅವನು ನೆಲ ಕೊರೆದುಕೊಂಡು ಬಂದನೆಂಬುದು ಜಾವಾದ ಕಥೆ. ಹತ್ತಿರದ ಕೈಲಾಸ ವಸ್ತುಸಂಗ್ರಹಾಲಯದಲ್ಲಿ ಇನ್ನೊಂದು ಬೆರಗು ಇದೆ: ಮನುಷ್ಯ ದೇಹಕ್ಕೆ ಎತ್ತಿನ ಮುಖ ಹೊತ್ತ ನಂದಿ, ಅವನ ಹೆಗಲ ಮೇಲೆ ಕೂತ ಶಿವ. ಜಾತ್ರೆಯಲ್ಲಿ ಅಪ್ಪನ ಹೆಗಲೇರಿದ ಮಗುವಿನಂತೆ ಕಾಣುತ್ತಾನೆ.

ಗುಡಿಗಳ ಬಯಲಿನಿಂದ ಕೆಲವು ಕಿಲೋಮೀಟರ್ ಮೇಲಕ್ಕೆ ಸೆಂಬುಂಗನ್ ಇದೆ. ಸುಮಾರು 2300 ಮೀಟರ್ ಎತ್ತರದ ಈ ಹಳ್ಳಿ ಜಾವಾದಲ್ಲೇ ಅತಿ ಎತ್ತರದ್ದು ಎಂದು ಹೆಸರಾಗಿದೆ. ಮಗ್ಗುಲಲ್ಲಿ ಚೆಬೊಂಗ್ ಕೆರೆ. ಚೆಬೊಂಗ್ ಎಂದರೆ ಗೊದಮೊಟ್ಟೆ, ಮೇಲಿನಿಂದ ನೋಡಿದರೆ ಕೆರೆಯ ಆಕಾರವೂ ಹಾಗೆಯೇ. ಸೂರ್ಯೋದಯ ನೋಡಲು ಪ್ರವಾಸಿಗರು ಇನ್ನೂ ಕತ್ತಲಿರುವಾಗ ಸಿಕುನಿರ್ ಗುಡ್ಡ ಹತ್ತುತ್ತಾರೆ. ಸಿಂಡೊರೊ ಪರ್ವತದ ಪಕ್ಕದಲ್ಲಿ ಬೆಳಕು ಒಡೆದ ಮೇಲೆ ಇಳಿದು ಹೊರಟುಹೋಗುತ್ತಾರೆ. ಆಮೇಲೆ ಊರು ಮತ್ತೆ ಊರಿನವರದಾಗುತ್ತದೆ.

ಇಲ್ಲಿನ ಬದುಕು ನಡೆಯುವುದು ಒಲೆಯ ಸುತ್ತ. ಬೆಳಿಗ್ಗೆ ಗಂಡಸರು ಲುಂಗಿಯಂಥ ಸಾರೊಂಗನ್ನು ಹೆಗಲಿನಿಂದ ಹೊದ್ದು, ಅಡುಗೆಮನೆಯ ಕೆಂಡಕ್ಕೆ ಅಂಗೈ ಒಡ್ಡಿ ಕೂರುತ್ತಾರೆ. ನೆಂಟರು ಬಂದರೂ ಮಾತು ಒಲೆಯ ಮುಂದೆಯೇ. ಮಕ್ಕಳ ಕೆನ್ನೆಗಳು ಚಳಿಗೆ ಕೆಂಪಾಗಿ ಒಡೆದಿರುತ್ತವೆ. ಬಿಸಿ ಚಹಾದ ಜೊತೆ ‘ತೆಂಪೆ ಕೆಮುಲ್’ ಬರುತ್ತದೆ. ಹುದುಗಿಸಿದ ಸೋಯಾಕಾಳಿನ ಬಿಲ್ಲೆಯನ್ನು ಹಿಟ್ಟಿನಲ್ಲಿ ಅದ್ದಿ ಅಂಚು ಗರಿಗರಿಯಾಗುವಂತೆ ಕರಿದ ತಿಂಡಿ. ಕೆಮುಲ್ ಎಂದರೆ ಕಂಬಳಿ. ಈ ಚಳಿಯಲ್ಲಿ ತಿಂಡಿಗೂ ಹೊದಿಕೆ ಬೇಕು! ಬೇಲಿಗಳಲ್ಲಿ ಕಾರಿಕಾ ಗಿಡ, ಮುಷ್ಟಿಗಾತ್ರದ ಹಣ್ಣು ಬಿಡುವ ಬೆಟ್ಟದ ಪರಂಗಿ. ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ. ಸಿಪ್ಪೆ ಹೆರೆದು, ಸೊನೆ ಹೋಗುವಂತೆ ತೊಳೆದು, ತಿರುಳನ್ನು ಸಕ್ಕರೆಪಾಕದಲ್ಲಿ ಬೇಯಿಸುತ್ತಾರೆ. ಪಾಕಕ್ಕೆ ಘಮ ಬರುವುದು ಬೀಜದ ಸುತ್ತಲಿನ ಲೋಳೆಯನ್ನು ಹಿಂಡಿ ಸೇರಿಸುವುದರಿಂದ. ಹೆಂಗಸರು ಮನೆಯಲ್ಲೇ ಇದನ್ನು ತಯಾರಿಸಿ ಬಾಟಲಿಗೆ ತುಂಬಿ ಮಾರುತ್ತಾರೆ.

ಇದೆಲ್ಲ ಕೈಖರ್ಚಿನ ದುಡ್ಡು. ಊರಿನ ಅನ್ನ ಆಲೂಗಡ್ಡೆ. ಹಿಂದೆ ಜೋಳ, ತಂಬಾಕು, ಎಲೆಕೋಸು ಇದ್ದ ಇಳಿಜಾರುಗಳಿಗೆ 1980ರ ದಶಕದಲ್ಲಿ ಆಲೂಗಡ್ಡೆ ಹಬ್ಬಿತು. ಅದರ ದುಡ್ಡಿನಲ್ಲಿ ಹಳೆಯ ಮನೆಗಳ ಜಾಗದಲ್ಲಿ ಮಹಡಿಮನೆಗಳು ಎದ್ದವು, ಅಪ್ಪ ಅಮ್ಮ ಹಜ್‌ಗೆ ಹೋಗಿಬಂದರು, ಮಕ್ಕಳು ಕಾಲೇಜು ಕಂಡರು. ಕೊಲೊಡೆಟೆ ಶಪಥದಲ್ಲಿ ಬೇಡಿದ ಸುಖ ಇದೇ ಎನ್ನಬಹುದಿತ್ತೇನೋ. ಆದರೆ ಆಲೂಗಡ್ಡೆಯ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಅದಕ್ಕಾಗಿ ರೈತರು ಏರಿಗಳನ್ನು ಇಳಿಜಾರಿಗೆ ಅಡ್ಡಲಾಗಿ ಹಾಕದೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಎಳೆಯುತ್ತಾರೆ. ಮಳೆ ಬಿದ್ದರೆ ನೀರು ಆ ಕಾಲುವೆಗಳಲ್ಲಿ ಓಡಿಹೋಗುತ್ತದೆ, ಕಪ್ಪು ಮಣ್ಣನ್ನೂ ಎಳೆದುಕೊಂಡೇ ಹೋಗುತ್ತದೆ. ಮಣ್ಣಿನ ಸಾರ ಹೋದಷ್ಟೂ ಕೋಳಿಗೊಬ್ಬರದ ಮೂಟೆಗಳು ಹೆಚ್ಚಬೇಕು, ಔಷಧಿಯ ಸಿಂಪಡಣೆ ಹೆಚ್ಚಬೇಕು. ಮಳೆಯಿಲ್ಲದ ತಿಂಗಳುಗಳಲ್ಲಿ ಪಂಪುಗಳು ಕೆರೆಯ ನೀರನ್ನು ಮೈಲುದ್ದದ ಪೈಪುಗಳಲ್ಲಿ ಗುಡ್ಡಕ್ಕೆ ಏರಿಸುತ್ತವೆ. ಅದೇ ಜೂನ್‌ನಿಂದ ಆಗಸ್ಟ್‌ವರೆಗಿನ ಕೆಲವು ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ ಕೆಳಗಿಳಿದು ಗಿಡಗಳ ಮೇಲೆ ಹಿಮ ಕೂರುತ್ತದೆ. ಪ್ರವಾಸಿಗರಿಗೆ ಅದು ಫೋಟೊ. ರೈತರು ಇಟ್ಟ ಹೆಸರು ‘ಬುನ್ ಉಪಾಸ್’, ವಿಷದ ಇಬ್ಬನಿ. ಬಿಸಿಲೇರುವ ಹೊತ್ತಿಗೆ ಆಲೂಗಡ್ಡೆಯ ಎಲೆಗಳು ಸುಟ್ಟಂತೆ ಕಪ್ಪಾಗಿರುತ್ತವೆ.

ನೆಲದಡಿಯ ಅಪಾಯವೂ ಇಲ್ಲಿಗೆ ಹೊಸದಲ್ಲ. 1979ರ ಫೆಬ್ರುವರಿ 20ರ ನಸುಕಿನಲ್ಲಿ ಸಿನಿಲಾ ಎಂಬಲ್ಲಿ ನೆಲ ಸಿಡಿಯಿತು. ಹೆದರಿದ ಜನ ಕತ್ತಲಲ್ಲೇ ಮನೆ ಬಿಟ್ಟು ಬಾತುರ್ ಊರಿನ ಕಡೆಯ ದಾರಿ ಹಿಡಿದರು. ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದೆ ತಗ್ಗಿನಲ್ಲಿ ತುಂಬಿಕೊಂಡಿತ್ತು. ದಾರಿಯಲ್ಲೇ 149 ಮಂದಿ ಬಿದ್ದು ಸತ್ತರು. ಅದೇ ನೆಲದ ಬಿಸಿ ಈಗ 60 ಮೆಗಾವಾಟ್ ಭೂಶಾಖ ಸ್ಥಾವರವನ್ನು ನಡೆಸುತ್ತಿದೆ, ಆಲೂಗಡ್ಡೆ ಹೊಲಗಳ ನಡುವೆ ಅದರ ಕೊಳವೆಗಳು ಹಾವಿನಂತೆ ಹರಿದಿವೆ.

ಕೆಳಗಿನಿಂದ ಡಿಯೆಂಗ್ ಕಡೆಗೆ ಬರುವ ದಾರಿಯಲ್ಲಿ ‘ತುಕ್ ಬಿಮೊ ಲುಕಾರ್’ ಎಂಬ ಚಿಲುಮೆ ಇದೆ, ಸೆರಾಯು ನದಿಯ ಮೂಲ. ನದಿಯನ್ನು ತೋಡಿದವನು ಭೀಮ ಎನ್ನುತ್ತಾರೆ. ನೀರಿನಲ್ಲಿ ಮೀಯುತ್ತಿದ್ದ ಹೆಣ್ಣನ್ನು ಕಂಡು ಅವನು ‘ಸಿರಾ ಆಯು’, ನೀನು ಚೆಲುವೆ, ಎಂದನಂತೆ. ಆ ಮಾತೇ ನದಿಯ ಹೆಸರಾಯಿತು. ಈ ಬೆಟ್ಟಗಳಿಂದ ಇಳಿದ ನದಿಗೆ ಬಂಜಾರ್‌ನೆಗಾರದ ಬಳಿ 1980ರ ದಶಕದ ಕೊನೆಗೆ ಮ್ರಿಚಾ ಅಣೆಕಟ್ಟು ಕಟ್ಟಿದರು, 180 ಮೆಗಾವಾಟ್ ವಿದ್ಯುತ್ತಿಗಾಗಿ. ಈಗ ಜಲಾಶಯದ ಬಹುಪಾಲು ಹೂಳು. ಅದರಲ್ಲಿ ಡಿಯೆಂಗ್‌ನ ಹೊಲಗಳಿಂದ ಕೊಚ್ಚಿಬಂದ ಕಪ್ಪು ಮಣ್ಣೂ ಇದೆ. ನೀರು ತಗ್ಗಿದಾಗ ಮೇಲೆ ಕಾಣುವ ದಿಬ್ಬಗಳ ಮೇಲೆ ಹುಲ್ಲು ಬೆಳೆಯುತ್ತದೆ. ಬಾಲೆಕಂಬಾಂಗ್ ಬದಿಯಲ್ಲಿ ಹೂವಿನ ಜೊತೆ ತೇಲಿಬಿಟ್ಟ ಮಗುವಿನ ಜಟೆ ದಕ್ಷಿಣದ ಕಡಲು ಮುಟ್ಟಬೇಕಾದರೆ ಈಗ ಈ ಕೆಸರನ್ನು ದಾಟಿ ಹೋಗಬೇಕು.