ಮೆರವಣಿಗೆ ಮುಗಿದ ಮರುದಿನ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೇನೆಯಿಂದ ನಿವೃತ್ತನಾಗಿ ಬರುವ ಯೋಧನಿಗೆ ಸಿಗುವ ಸ್ವಾಗತ ಮದುವೆ ಮೆರವಣಿಗೆಗಿಂತ ಕಡಿಮೆಯದಲ್ಲ. ತೆರೆದ ಜೀಪು, ಕೊರಳು ಕಾಣದಷ್ಟು ಹಾರ, ಡೊಳ್ಳು, ಆರತಿ ಹಿಡಿದು ನಿಂತ ಹೆಣ್ಣುಮಕ್ಕಳು. ಚನ್ನಮ್ಮನ ಸಮಾಧಿ, ರಾಯಣ್ಣನ ಸಂಗೊಳ್ಳಿ ಇರುವ ಸೀಮೆಯಿದು. ಬೆಳಗಾವಿಯಲ್ಲಿ 1922ರಿಂದಲೂ ಮರಾಠಾ ಲಘು ಪದಾತಿ ದಳದ ತರಬೇತಿ ನಡೆದಿದೆ. ಮಿಲಿಟರಿ ಎಂಬುದು ಇಲ್ಲಿ ಮನೆಮಾತು.

ಮರುದಿನ ಹಾರ ಬಾಡಿರುತ್ತದೆ. ಹದಿನೇಳು ವರ್ಷ ಸೇವೆ ಮಾಡಿ ಬಂದ ಸಿಪಾಯಿಗೆ ಇನ್ನೂ ನಲವತ್ತು ತುಂಬಿರುವುದಿಲ್ಲ. ಮಕ್ಕಳು ಶಾಲೆಯಲ್ಲಿ, ತಂದೆ-ತಾಯಿ ಮುಪ್ಪಿನಲ್ಲಿ. ಮುಂದೇನು?

ಈ ಪ್ರಶ್ನೆ ಹೊತ್ತು ಅವರು ಬರುವುದು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಗೆ. ಗುರುತಿನ ಚೀಟಿ, ಮಕ್ಕಳ ವಿದ್ಯಾರ್ಥಿವೇತನ, ಕಷ್ಟದಲ್ಲಿರುವವರಿಗೆ ಸಹಾಯಧನ, ಉದ್ಯೋಗಕ್ಕೆ ಹೆಸರು ನೋಂದಣಿ ಎಲ್ಲಕ್ಕೂ ಇದೇ ಬಾಗಿಲು. 1949ರಿಂದ ಪ್ರತಿ ಡಿಸೆಂಬರ್ 7ರಂದು ಧ್ವಜ ದಿನದ ಹೆಸರಿನಲ್ಲಿ ನಾವು ಹಾಕುವ ಕಾಸು ಇಂಥ ನೆರವಿಗೇ ಸೇರುತ್ತದೆ. ಪಿಂಚಣಿಯೂ ಇಲ್ಲದ, ಬೇರೆ ಆದಾಯವೂ ಇಲ್ಲದ, 65 ದಾಟಿದ ಮಾಜಿ ಸೈನಿಕರಿಗೆ ಹಾಗೂ ಸೈನಿಕರ ವಿಧವೆಯರಿಗೆ ಕೇಂದ್ರೀಯ ಸೈನಿಕ ಮಂಡಳಿ ಕೊಡುವ ಮಾಸಿಕ ನೆರವು 2025ರ ನವೆಂಬರ್‌ನಿಂದ 4,000 ರೂಪಾಯಿಯಿಂದ 8,000ಕ್ಕೆ ಏರಿದೆ.

ಸೌಲಭ್ಯಗಳಿಗೆ ಬರವಿಲ್ಲ. ಎಡವುವುದು ಕಾಗದದಲ್ಲಿ. ಡಿಸ್ಚಾರ್ಜ್ ಬುಕ್‌ನಲ್ಲಿ ಹೆಂಡತಿಯ ಹೆಸರು ‘ಶಾಂತವ್ವ’, ಆಧಾರ್‌ನಲ್ಲಿ ‘ಶಾಂತಾ’ ಎಂದಿದ್ದರೆ ಸಾಕು, ಗಂಡ ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ತಿಂಗಳುಗಟ್ಟಲೆ ನಿಂತುಬಿಡಬಹುದು. ಅವನು ಬದುಕಿದ್ದಾಗ ಒಂದು ಅರ್ಜಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಆಕೆ ಅಫಿಡವಿಟ್ಟು ಹಿಡಿದು ಅಲೆಯಬೇಕಾಗುತ್ತದೆ. ಈಗ ಪಿಂಚಣಿ ‘ಸ್ಪರ್ಶ್’ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿದೆ. ವರ್ಷಕ್ಕೊಮ್ಮೆ ಜೀವಿತ ಪ್ರಮಾಣಪತ್ರ ಸಲ್ಲಿಸದಿದ್ದರೆ ಹಣ ನಿಲ್ಲುತ್ತದೆ. ಬೆರಳಿನ ಗೆರೆ ಸವೆದ ಎಂಬತ್ತರ ಅಜ್ಜನಿಗೆ ಇದು ಸಣ್ಣ ಮಾತಲ್ಲ.

ಚಿಕಿತ್ಸೆಗೆ 2003ರ ಏಪ್ರಿಲ್‌ನಲ್ಲಿ ಆರಂಭವಾದ, ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ಇದೆ. ಒಮ್ಮೆ ವಂತಿಗೆ ಕಟ್ಟಿದರೆ ಹೆಂಡತಿ, ಅವಲಂಬಿತ ಮಕ್ಕಳು, ತಂದೆ-ತಾಯಿಗೂ ಅನ್ವಯ. ಬೆಳಗಾವಿಯಲ್ಲಿ ಅದರ ಪಾಲಿಕ್ಲಿನಿಕ್ ಇದೆಯಾದರೂ ರಾಮದುರ್ಗದಿಂದ ಅಲ್ಲಿಗೆ ಸುಮಾರು ನೂರು ಕಿಲೋಮೀಟರ್. ಬಿಪಿ ಮಾತ್ರೆಗಾಗಿ ಒಂದು ದಿನದ ಬಸ್ ಪ್ರಯಾಣ.

ಉದ್ಯೋಗದಲ್ಲಿ ಕೇಂದ್ರದ ಗ್ರೂಪ್ ಸಿ ಹುದ್ದೆಗಳಲ್ಲಿ ಶೇ 10 ಮೀಸಲಾತಿಯಿದೆ. ಎಸ್ಸೆಸ್ಸೆಲ್ಸಿ ಪಾಸಾಗಿ 15 ವರ್ಷ ಸೇವೆ ಮಾಡಿದವರು ಪದವಿ ಕೇಳುವ ಹಲವು ಗ್ರೂಪ್ ಸಿ ಹುದ್ದೆಗಳಿಗೂ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ರಾತ್ರಿಪಾಳಿಯ ಸೆಕ್ಯೂರಿಟಿ ಕೆಲಸಕ್ಕೆ ಸೇರಿದರೆ ಅದು ಅವರೊಬ್ಬರ ನಷ್ಟವಲ್ಲ. ಸಿಗ್ನಲ್, ವಾಹನ, ವೈದ್ಯಕೀಯ ಸಹಾಯ ಬಲ್ಲ ಕೈಗಳು ವ್ಯರ್ಥವಾಗುತ್ತವೆ.

ಇನ್ನು ಅಗ್ನಿವೀರರು. 2022ರ ಅಗ್ನಿಪಥ ಯೋಜನೆಯಡಿ ಸೇರಿದ ಇವರಲ್ಲಿ ಶೇ 25ರವರೆಗೆ ಮಾತ್ರ ಸೇನೆಯಲ್ಲಿ ಉಳಿಯುತ್ತಾರೆ. ಮಿಕ್ಕವರು ನಾಲ್ಕು ವರ್ಷಕ್ಕೆ ಸೇವಾನಿಧಿ ಪಡೆದು, ಪಿಂಚಣಿಯಿಲ್ಲದೆ ಊರಿಗೆ ಮರಳುತ್ತಾರೆ. ಅವರಿಗಾದರೂ ತಾಲ್ಲೂಕು ಕೇಂದ್ರಗಳಲ್ಲಿ ತಿಂಗಳಿಗೊಂದು ದಿನ ಮಾಹಿತಿ ಶಿಬಿರ ನಡೆಯಬೇಕು.

ಮನೆಯಲ್ಲಿ ಮಾಜಿ ಸೈನಿಕರಿದ್ದರೆ, ಬಿಳಿ ಬಣ್ಣದಲ್ಲಿ ಅವರ ನಂಬರು ಬರೆದ ಆ ಕಪ್ಪು ಟ್ರಂಕನ್ನು ಈ ಭಾನುವಾರವೇ ತೆರೆಯಿರಿ. ಪಿಂಚಣಿ ಆದೇಶದಲ್ಲಿ ಮನೆಯಾಕೆಯ ಹೆಸರು, ಹುಟ್ಟಿದ ದಿನಾಂಕ ಸರಿಯಿದೆಯೇ ನೋಡಿ. ತಪ್ಪಿದ್ದರೆ ಸೋಮವಾರವೇ ಬೆಳಗಾವಿಯ ಬಸ್ ಹತ್ತಿ.