ಬರೆಯದೇ ಮೂಡಿದ ಹೊನ್ನಕ್ಷರ

ಒಂದು ಭೂತಗನ್ನಡಿ ತನ್ನಿ. 1950ರ ದಶಕದ, ಕಪ್ಪು ಡಯಲ್‌ನ ಹಳೆಯ ಸ್ವಿಸ್ ವಾಚು ಎಲ್ಲಾದರೂ ಸಿಕ್ಕರೆ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಮಿರಮಿರ ಮಿಂಚುವ ಕಪ್ಪು, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಹೊನ್ನಿನ ಅಕ್ಷರಗಳು. ಮೇಲೆ ಅಂದೆನೇ? ಅಲ್ಲ, ಅಲ್ಲ! ಅಕ್ಷರ ಇರುವುದು ಕಪ್ಪಿನ ಕೆಳಗೆ. ಅಲ್ಲಿ ಯಾರೂ ಹೊನ್ನಿನ ಬಣ್ಣ ಬಳಿದೇ ಇಲ್ಲ!

ಇದು ಗಿಲ್ಟ್ ಡಯಲ್. ಮೊದಲಿಗೆ ಹಿತ್ತಾಳೆಯ ಬಿಲ್ಲೆಯೊಂದನ್ನು ಉಜ್ಜಿ ಹೊಳಪೇರಿಸುತ್ತಿದ್ದರು. ಅಕ್ಷರಗಳನ್ನು ಬೇರೊಂದು ಲೋಹದ ಫಲಕದಲ್ಲಿ ತಗ್ಗಾಗಿ ಕೊರೆದಿರುತ್ತಿದ್ದರು. ಆ ತಗ್ಗಿಗೆ ತುಂಬುತ್ತಿದ್ದದ್ದು ಶಾಯಿಯಲ್ಲ, ಬರೀ ತಿಳಿ ವಾರ್ನಿಷ್. ಜೆಲಟಿನ್‌ನ ಮೆತ್ತನೆ ಉಂಡೆಯೊಂದು ಫಲಕಕ್ಕೆ ಮುತ್ತಿಟ್ಟು, ವಾರ್ನಿಷ್ ಅಕ್ಷರಗಳನ್ನು ಮೈಗಂಟಿಸಿಕೊಂಡು ಎದ್ದು, ಬಿಲ್ಲೆಯ ಮೇಲೆ ಕೂತು ಬಿಟ್ಟುಬರುತ್ತಿತ್ತು. ಆಮೇಲೆ ಬಿಲ್ಲೆಗೆ ವಿದ್ಯುತ್ ದ್ರಾವಣದಲ್ಲಿ ಸ್ನಾನ. ಕಪ್ಪು ಗಿಲೀಟು ಎಲ್ಲೆಡೆ ಹತ್ತುತ್ತದೆ, ವಾರ್ನಿಷ್ ಇದ್ದಲ್ಲಿ ಮಾತ್ರ ಹತ್ತದು. ವಾರ್ನಿಷ್ ತೊಳೆದರೆ, ಆಹಾ, ಅಡಿಯ ಹಿತ್ತಾಳೆಯೇ ಅಕ್ಷರವಾಗಿ ಇಣುಕುತ್ತದೆ!

ನನಗೆ ತಟ್ಟನೆ ನೆನಪಾದದ್ದು ಬೀದರ್. ಕೋಟೆಯ ಮಣ್ಣು ಹಚ್ಚಿದಾಗ ಬಿದ್ರಿ ಹೂಜಿಯ ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿಯ ಎಳೆ ಮಾತ್ರ ಜಪ್ಪಯ್ಯ ಅನ್ನುವುದಿಲ್ಲ. ಒಂದಕ್ಕೊಂದು ನಂಟಿಲ್ಲದ ಎರಡು ನಾಡುಗಳು, ಕಪ್ಪನ್ನು ಒಲ್ಲೆನೆನ್ನುವ ಜಾಗವೇ ಚಿತ್ರವಾಗುವ ಅದೇ ಜಾಣ್ಮೆ!

ಗಂಟೆಯ ಗುರುತುಗಳ ಮೇಲೆ ಕೆನೆಬಣ್ಣದ ಚುಕ್ಕೆಗಳಿವೆಯೇ? ಕೆರೆಯಬೇಡಿ. ಆ ಕಾಲದ್ದಾದರೆ ರೇಡಿಯಂ ಇದ್ದೀತು. ಅದರ ಬಲದಿಂದ ಕತ್ತಲಲ್ಲಿ ಹೊಳೆಯುತ್ತಿದ್ದ ಸತುವಿನ ಸಲ್ಫೈಡ್ ಕೆಲವೇ ದಶಕಗಳಲ್ಲಿ ಸೋತು ಮಂಕಾಯಿತು. ಆದರೆ ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು! ಅಮೆರಿಕದ ನ್ಯೂಜೆರ್ಸಿಯಲ್ಲಿ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಇದನ್ನು ಬಳಿದ ಹುಡುಗಿಯರ ಮೂಳೆಗಳನ್ನೇ ಅದು ತಿಂದುಹಾಕಿತ್ತು.

ಡಯಲ್ ಮಾಡುವವರೆಂದರೆ ಸಾಮಾನ್ಯರೇ? 1932ರಲ್ಲಿ ಜಿನೀವಾದ ಪಾಟೆಕ್ ಫಿಲಿಪ್ ವಾಚು ಕಂಪನಿಯನ್ನೇ ಕೊಂಡ ಸ್ಟರ್ನ್ ಸಹೋದರರು ಅದಕ್ಕೆ ಡಯಲ್ ಒದಗಿಸುತ್ತಿದ್ದವರು! ಬಿಸಿಲಿಗೆ ಕಪ್ಪು ಮಾಸಿ ಕಂದಾದ ಡಯಲನ್ನು ಈಗ ಸಂಗ್ರಾಹಕರು 'ಟ್ರಾಪಿಕಲ್' ಎಂದು ಕರೆದು ಹೆಚ್ಚು ಬೆಲೆ ತೆರುತ್ತಾರೆ. ಕೆಟ್ಟುಹೋದ ಬಣ್ಣಕ್ಕೆ!

ಇನ್ನು ಡಯಲನ್ನು ಮಗುಚಿ. ಯಂತ್ರದೊಳಗೆ ಊರಿ ನಿಲ್ಲುವ ಎರಡು ಪುಟ್ಟ ತಾಮ್ರದ ಕಾಲುಗಳು. ಪಕ್ಕದಲ್ಲಿ, ಕೆಲವುದರಲ್ಲಿ, ಡಯಲ್ ಮಾಡಿದವರ ಹೆಸರು. ವಾಚು ಕಟ್ಟಿಕೊಂಡವನಿಗೆ ಅದು ಜೀವಮಾನದಲ್ಲಿ ಕಂಡಿರಲಿಕ್ಕಿಲ್ಲ.